ಬೈಸಿಕೊಳ್ಳಲು ಚಂದಾ ಕಟ್ಟಿದವನು

ಪ್ರತಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹೆಡ್ಲಿ ಸಗ್ಡನ್ ನನ್ನ ಟೀ ಅಂಗಡಿಗೆ ಬಂದು, ಚೆನ್ನಾಗಿ ಬೈಸಿಕೊಂಡು ಹೋಗುತ್ತಿದ್ದ. ಬೈಯುತ್ತಿದ್ದವಳು ನಾನಲ್ಲ, ‘ಚೈನ್‌ರಿಂಗ್’ ಎಂಬ ಸೈಕಲ್ ವಾರಪತ್ರಿಕೆ. ಅದಕ್ಕೆ ಅವನು ಐವತ್ತೆರಡು ವರ್ಷದಿಂದ ಚಂದಾ ಕಟ್ಟುತ್ತಿದ್ದ. ನಮ್ಮ ಯಾರ್ಕ್‌ಷೈರ್ ಜನ ಒಂದು ಪೆನ್ನಿ ಬಿಚ್ಚಬೇಕಾದರೂ ಮೂರು ಸಲ ಕೆಮ್ಮುತ್ತಾರೆ. ಅಂಥವರ ನಡುವೆ ದುಡ್ಡು ಕೊಟ್ಟು ಬೈಸಿಕೊಳ್ಳುವವನು ಇವನೊಬ್ಬನೇ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ನೋಡಿದರೆ ಐದು ಜನ ಆದರು.

ಅವನು ಮಾಡಿದ ಪಾಪ ಇಷ್ಟೇ: ಸೈಕಲ್ಲಿಗೆ ಮೋಟಾರು ಹಾಕಿಕೊಂಡಿದ್ದ. ಬಸ್ ಡಿಪೋದಲ್ಲಿ ನಲವತ್ತು ವರ್ಷ ಫಿಟ್ಟರ್ ಆಗಿದ್ದವನಿಗೆ ಎಪ್ಪತ್ತರ ಹೊಸ್ತಿಲಲ್ಲಿ ಹೃದಯ ಕೈಕೊಟ್ಟಿತು. ಡಾಕ್ಟರು ಸ್ಟೆಂಟ್ ಹಾಕಿ, ಇನ್ನು ಬೆಟ್ಟಗಿಟ್ಟ ಮರೆತುಬಿಡಿ ಎಂದರು. ಹೇಳಿದ ಮೂರನೇ ವಾರಕ್ಕೆ ಇವನು ಅಂಚೆಯಲ್ಲಿ ಮೋಟಾರು ತರಿಸಿ, ತನ್ನ ಹಳೇ ಉಕ್ಕಿನ ಸೈಕಲ್ಲಿಗೆ ಕೂರಿಸಿ, ಬ್ಯಾಟರಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬಿಗಿದು, ಹ್ಯಾಗ್ ಬ್ಯಾಂಕ್ ಹತ್ತಿ ನನ್ನ ಅಂಗಡಿಯ ಮುಂದೆ ಇಳಿದ. ಹ್ಯಾಗ್ ಬ್ಯಾಂಕ್ ಎಂದರೆ ನಮ್ಮೂರಿನ ಏರು. ಕೆಳಗೆ ಹೊಳೆಯ ಸೇತುವೆಯಿಂದ ಶುರುವಾಗಿ ನನ್ನ ಬಾಗಿಲಲ್ಲಿ ಮುಗಿಯುತ್ತದೆ. ಇಳಿದವನೇ ಹೇಳಿದ: “ಮೇವಿಸ್, ಉಸಿರೇ ಕಟ್ಟಲಿಲ್ಲ ಕಣೇ. ಎಪ್ಪತ್ನಾಲ್ಕರಲ್ಲಿ ಇದೇ ಸೈಕಲ್ ಮೇಲೆ ಬಂದಾಗ ವಾಂತಿ ಮಾಡ್ಕೊಂಡಿದ್ದೆ.”

ಎಪ್ಪತ್ನಾಲ್ಕು ಅಂದರೆ ಶುರುವಾಯಿತು ಪುರಾಣ. ಆ ವರ್ಷ ಅವನು ಈ ಏರನ್ನು ಐದು ನಿಮಿಷ ಹನ್ನೊಂದು ಸೆಕೆಂಡಿನಲ್ಲಿ ಹತ್ತಿ ನಮ್ಮೂರ ಸೈಕಲ್ ಕ್ಲಬ್ಬಿನ ದಾಖಲೆ ಮಾಡಿದ್ದ. ‘ಚೈನ್‌ರಿಂಗ್’ ಒಂದು ಸಾಲು ಅಚ್ಚು ಮಾಡಿತ್ತು. ಆ ಸಾಲನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಹೆಂಡತಿಯ ಫೋಟೋ ಅದರ ಹಿಂದೆ ಇತ್ತು. ಅವಳೇ ನನಗೆ ಇದನ್ನು ಹೇಳಿ ನಕ್ಕಿದ್ದಳು.

ಹೊಸದಾಗಿ ಮತಾಂತರವಾದವರ ಭಕ್ತಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಬೇರೆ ಮುದುಕರು ಮೊಮ್ಮಕ್ಕಳ ವಿಷಯ ಮಾತಾಡಿದರೆ ಇವನು ಮೋಟಾರಿನ ವಾಟ್ ಲೆಕ್ಕ ಮಾತಾಡುತ್ತಿದ್ದ. ವರ್ಷದೊಳಗೆ ಇನ್ನೂ ನಾಲ್ವರು ಸೇರಿಕೊಂಡರು. ಅವರ ಪೈಕಿ ಸೂಲಗಿತ್ತಿ ನರ್ಸಾಗಿ ನಿವೃತ್ತಳಾದ ಬೆರಿಲ್ ಒಬ್ಬಳಿಗೆ ಬಾಯಿಯ ಜೊತೆಗೆ ಬುದ್ಧಿಯೂ ಇತ್ತು. ಐವರೂ ಗುರುವಾರ ನನ್ನ ಅಂಗಡಿಯ ಮೂಲೆಯಲ್ಲಿ, ಹಳೆಯ ‘ಚೈನ್‌ರಿಂಗ್’ ಸಂಪುಟಗಳ ಕಪಾಟಿನ ಕೆಳಗೆ ಕೂತು, ಹೊಸ ಸಂಚಿಕೆಯಲ್ಲಿ ತಮ್ಮನ್ನು ಎಲ್ಲಿ ಬೈದಿದ್ದಾರೆ ಎಂದು ಹುಡುಕುತ್ತಿದ್ದರು. ಕಷ್ಟಪಡಬೇಕಾಗಿರಲಿಲ್ಲ. ಕೊನೆಯ ಪುಟದಲ್ಲಿ ಡಂಕನ್ ವೆದರಾಲ್ ಎಂಬಾತ ‘ಸ್ವಂತ ಕಾಲು’ ಎಂಬ ಅಂಕಣ ಬರೆಯುತ್ತಿದ್ದ. ಮಡಿ ಉಟ್ಟ ಮುದುಕಿ ಮುಟ್ಟಾದವಳನ್ನು ಕಂಡಂತೆ ಅವನು ಬ್ಯಾಟರಿ ಸೈಕಲ್ಲನ್ನು ಕಾಣುತ್ತಿದ್ದ.

“ಕೇಳಿ, ಕೇಳಿ,” ಎಂದು ಹೆಡ್ಲಿ ಕನ್ನಡಕ ಏರಿಸಿ ಓದುತ್ತಿದ್ದ. “‘ಪ್ಲಗ್ಗು ಹಾಕಿ ಬೆಟ್ಟ ಹತ್ತುವವರು ಲಿಫ್ಟಿನಲ್ಲಿ ನಿಂತು ವ್ಯಾಯಾಮ ಮಾಡಿದೆ ಅನ್ನುವವರು.’ ನೋಡಿದ್ರಾ ಇವ್ನ ಸೊಕ್ಕು.”

“ಹೋದ್ ವಾರದ್ದೇ ಚೆನ್ನಾಗಿತ್ತು,” ಎಂದಳು ಬೆರಿಲ್. “ನಮ್ಮನ್ನ ಗಾಲಿಕುರ್ಚಿ ಅಂದಿದ್ದ.”

ಮುಖಗಳು ಕೆಂಪಾಗುತ್ತಿದ್ದವು, ಇನ್ನೊಂದು ಸುತ್ತು ಟೀ ಹೋಗುತ್ತಿತ್ತು, ನನ್ನ ಪಾರ್ಕಿನ್ ಕೇಕು ಖರ್ಚಾಗುತ್ತಿತ್ತು. ಪಾಪ, ಒಂದೊಂದು ವಾರ ವೆದರಾಲ್ ಇವರನ್ನು ಮರೆತು ಟೈರಿನ ಬಗ್ಗೆ ಬರೆದುಬಿಡುತ್ತಿದ್ದ. ಆ ಗುರುವಾರ ಸಾವಿನ ಮನೆಯ ಹಾಗೆ ಇರುತ್ತಿತ್ತು. “ನಮ್ ವಿಷ್ಯಾನೇ ಎತ್ತಿಲ್ಲ,” ಎಂದು ಹೆಡ್ಲಿ ಎಲ್ಲ ಪುಟಗಳನ್ನೂ ಎರಡೆರಡು ಸಲ ತಿರುವಿ, ಅರ್ಧ ಟೀ ಬಿಟ್ಟು ಏಳುತ್ತಿದ್ದ. ಒಮ್ಮೆ ಅಪ್ಪಿತಪ್ಪಿ ಪತ್ರಿಕೆ ಒಂದು ಬ್ಯಾಟರಿ ಸೈಕಲ್ಲನ್ನು ಹೊಗಳಿತು. ಇವರು ಇಡೀ ಬೆಳಿಗ್ಗೆ ಕೂತು ಅದರಲ್ಲಿ ಏಳು ತಪ್ಪು ಹುಡುಕಿದರು. ಹೊಗಳಿಕೆ ಯಾರಿಗೆ ಬೇಕಿತ್ತು?

ಸಂಪಾದಕರಿಗೆ ಅವನು ಮೂವತ್ತೊಂದು ಪತ್ರ ಬರೆದಿದ್ದ. ಅಚ್ಚಾದದ್ದು ಒಂದು, ಅದೂ ಒಂದೂವರೆ ಸಾಲು, ‘ಅಜ್ಜನಿಗೆ ಶಾಕ್’ ಎಂಬ ತಲೆಬರಹದ ಕೆಳಗೆ. ಅದಕ್ಕೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಮಾನ ಮರ್ಯಾದೆ ಅನ್ನುವುದು ಇದ್ದರೆ ತಾನೇ?

ಇಷ್ಟರಲ್ಲೇ ಇದ್ದಿದ್ದರೆ ಇದೊಂದು ತಮಾಷೆ, ನಾನು ಕತೆ ಹೇಳಬೇಕಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಮಾರ್ಟಿನ್ ಕ್ರಾಬ್‌ಟ್ರೀ ಮುಂದಿನ ವಾರ್ಷಿಕ ಸಭೆಗೆಂದು ಒಂದು ಠರಾವು ಕೊಟ್ಟ. ಅವನು ದಂತವೈದ್ಯ, ಐವತ್ತೈದರ ಆಸುಪಾಸು, ಒಂದು ಕಾರಿನ ಬೆಲೆಯ ಸೈಕಲ್ಲು. ಅವನಿಗೆ ಸ್ವಂತ ಅಭಿಪ್ರಾಯ ಅಂತ ಇರಲಿಲ್ಲ. ‘ಚೈನ್‌ರಿಂಗ್’ ಏನು ಹೇಳಿತೋ ಅದು. ಅದು ಅಗಲದ ಟೈರು ಕೆಟ್ಟದ್ದು ಎಂದ ವರ್ಷ ಇವನಿಗೂ ಕೆಟ್ಟದ್ದು, ಒಳ್ಳೆಯದು ಎಂದ ವರ್ಷ ಒಳ್ಳೆಯದು. ಠರಾವು ಏನೆಂದರೆ, ಕ್ಲಬ್ಬಿನ ನಿಯಮ ಪುಸ್ತಕದ ಹದಿನಾಲ್ಕನೇ ನಿಯಮವನ್ನು ಬ್ಯಾಟರಿಯವರಿಗೂ ಅನ್ವಯಿಸಬೇಕು. ಕಾಲಿಗೆ ಸುಲಭ ಮಾಡಿಕೊಂಡವರು ಕ್ಲಬ್ಬಿನ ಟೀಗೆ ಮಾತ್ರ ಬರಬಹುದು. ಭಾನುವಾರದ ಸವಾರಿಗೆ ಇಲ್ಲ, ಮತ ಹಾಕಲು ಇಲ್ಲ, ಪಂದ್ಯದ ದಿನ ಯಾವ ಕೆಲಸವೂ ಇಲ್ಲ. ಪುಸ್ತಕದಲ್ಲಿ ಧೂಳು ತಿನ್ನುತ್ತಿದ್ದ ನಿಯಮ, ಯಾರಿಗೂ ನೆನಪಿರಲಿಲ್ಲ.

ಹೆಡ್ಲಿಗೆ ಕುತ್ತಿಗೆಗೆ ಬಂದದ್ದು ಆ ಕೊನೆಯ ಮಾತು. ಅಕ್ಟೋಬರಿನ ಕೊನೆಯ ಭಾನುವಾರ ಹ್ಯಾಗ್ ಬ್ಯಾಂಕ್ ಏರು ಪಂದ್ಯ. ನಿಮಿಷಕ್ಕೆ ಒಬ್ಬರಂತೆ ಬಿಡುತ್ತಾರೆ. ಸವಾರ ಎರಡೂ ಕಾಲು ಪೆಡಲಿಗೆ ಸಿಕ್ಕಿಸಿ ಕೂತಿರುತ್ತಾನೆ; ಬೀಳದಂತೆ ಹಿಂದಿನಿಂದ ಒಬ್ಬ ಸೀಟು ಹಿಡಿದಿರಬೇಕು. ಗಡಿಯಾರದವನು ಐದರಿಂದ ಒಂದರವರೆಗೆ ಎಣಿಸಿ ‘ಹೊರಡು’ ಎಂದಾಗ ಬಿಡಬೇಕು, ತಳ್ಳಬಾರದು. ಹೆಸರು ಕೊಟ್ಟವನು ಬಾರದಿದ್ದರೂ ಅವನ ನಿಮಿಷವನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಆ ಖಾಲಿ ನಿಮಿಷವನ್ನೂ ಪೂರ್ತಿ ಎಣಿಸುತ್ತಾರೆ. ಹೆಡ್ಲಿ ಪಂದ್ಯ ಬಿಟ್ಟಾಗಿನಿಂದ, ಇಪ್ಪತ್ತಾರು ವರ್ಷ, ಸೀಟು ಹಿಡಿಯುವವನು ಅವನೇ. ಈ ಕಣಿವೆಯಲ್ಲಿ ನಲವತ್ತು ದಾಟದ ಯಾವ ಸೈಕಲ್ ಸವಾರನೂ ಅವನ ಕೈ ತಪ್ಪಿಸಿಕೊಂಡು ಹೋಗಿಲ್ಲ.

“ಟೀಗೆ ಮಾತ್ರವಂತೆ,” ಎಂದ ಹೆಡ್ಲಿ, ಆ ಗುರುವಾರ. ಪತ್ರಿಕೆಯನ್ನು ಬಿಚ್ಚಿರಲೇ ಇಲ್ಲ. “ಆ ಸೀಟು ಹಿಡಿಯೋ ಕೆಲ್ಸಾನೂ ಕಿತ್ಕೊಂಡ್ರೆ ನಾನಲ್ಲಿ ಯಾರು ಮೇವಿಸ್? ರಸ್ತೆ ಪಕ್ಕ ನಿಂತು ಗಂಟೆ ಅಲ್ಲಾಡಿಸ್ಲಾ? ಯಾವ ಮುಠ್ಠಾಳ ಬರ್ದನೋ ಆ ಹದ್ನಾಲ್ಕನೇ ರೂಲ್ನ.”

ನಾನು ಬಟ್ಟಲು ಒರೆಸುತ್ತಿದ್ದೆ. ಒರೆಸಿದೆ. ಯಾವ ಮುಠ್ಠಾಳ ಬರೆದ ಎಂದು ನನಗೆ ಗೊತ್ತಿತ್ತು.

“ಸಭೆಗೆ ಇನ್ನೂ ಮೂರ್ ವಾರ ಇದೆ,” ಎಂದಳು ಬೆರಿಲ್. “ಮಾರ್ಟಿನ್‌ಗೆ ನಾವ್ ಹೇಳಿದ್ರೆ ಕೇಳಲ್ಲ. ಆ ವೆದರಾಲ್ ಒಂದ್ ಒಳ್ಳೇ ಮಾತು ಬರೆದ್ರೆ ಬಾಯ್ ಮುಚ್ಕೋತಾನೆ.”

ಹಾಗೆ ಮೂವತ್ತೆರಡನೇ ಪತ್ರ ಹೋಯಿತು. ಬನ್ನಿ, ನನ್ನ ಸೈಕಲ್ಲಿನಲ್ಲಿ ನಮ್ಮ ಏರು ಹತ್ತಿ ನೋಡಿ, ಆಮೇಲೆ ಏನು ಬೇಕಾದರೂ ಬರೆಯಿರಿ. ಏರು ಪಂದ್ಯಗಳ ಕಾಲ, ವೆದರಾಲನಿಗೂ ಬರೆಯಲು ಏನೋ ಬೇಕಿತ್ತೆಂದು ಕಾಣುತ್ತದೆ, ಬರುತ್ತೇನೆ ಎಂದ.

ಬಂದ, ಕಾರಿನಲ್ಲಿ. ಸ್ವಂತ ಕಾಲಿನ ಆಸಾಮಿ ಇನ್ನೂರು ಮೈಲಿ ಕಾರಿನಲ್ಲಿ ಬಂದು, ಬೆಟ್ಟದ ಬುಡದವರೆಗೆ ಕಾರಿನಲ್ಲೇ ಹೋದ. ಪಂದ್ಯದ ಸವಾರರ ಹಾಗೆ ಬೋಳಿಸಿದ ಕಾಲು, ಕೊಕ್ಕರೆಯಂಥ ದೇಹ. ಹೆಡ್ಲಿ ಸೈಕಲ್ಲನ್ನು ಒರೆಸಿ ಒರೆಸಿ ಮದುಮಗಳ ಹಾಗೆ ಮಾಡಿಟ್ಟಿದ್ದ. ಬಿಸ್ಕತ್ತಿನ ಡಬ್ಬಿಗೂ ಹೊಸ ಬಣ್ಣ. ವೆದರಾಲ್ ಅದನ್ನು ಎರಡು ಬೆರಳಿನಲ್ಲಿ ಮುಟ್ಟಿ ಹತ್ತಿದ. ನಾನು ಮೇಲೆ ಬಾಗಿಲಲ್ಲಿ ನಿಂತಿದ್ದೆ. ಐದು ನಿಮಿಷಕ್ಕೆ ಬಂದ. ಬರುವಾಗ ಆ ಮನುಷ್ಯ ಬಾಯಿ ತುಂಬ ನಗುತ್ತಿದ್ದ.

“ಇದು ಶುದ್ಧ ಮೋಸ ಕಣ್ರೀ,” ಎಂದ. ಆಮೇಲೆ ಆಚೀಚೆ ನೋಡಿ, “ಇನ್ನೊಂದ್ ಸಲ ಹೋಗ್ಬರ್ಲಾ?” ಎಂದ.

ಮೂರು ಸಲ ಹತ್ತಿದ. ಬ್ಯಾಟರಿ ಖಾಲಿಯಾಯಿತು. ಹೆಡ್ಲಿ ಅದನ್ನು ನನ್ನ ಅಂಗಡಿಯ ಪ್ಲಗ್ಗಿಗೆ ಹಾಕಿ, ಒಂದು ಚಾರ್ಜಿಗೆ ಎಷ್ಟು ಮೈಲಿ ಎಂಬ ಲೆಕ್ಕ ಒಪ್ಪಿಸಿ, ಸಂತೋಷ ತಡೆಯಲಾರದೆ ಬೆರಿಲ್‌ಗೆ ಫೋನ್ ಮಾಡಲು ಹೊರಗೆ ಹೋದ. “ಬಲೆಗ್ ಬಿದ್ದ ಕಣೇ,” ಎನ್ನುತ್ತಿದ್ದದ್ದು ಒಳಗೂ ಕೇಳಿಸಿತು. ವೆದರಾಲ್ ಎರಡು ತುಂಡು ಪಾರ್ಕಿನ್ ತಿಂದು, ಕೈಯೊರೆಸಿ, ಕಪಾಟಿನ ಸಂಪುಟಗಳನ್ನು ನೋಡಿದ.

“ಇಷ್ಟು ಚೆನ್ನಾಗಿ ಬೈಂಡ್ ಮಾಡ್ಸಿದ್ದಾರೆ. ಯಾರದು?”

“ನನ್ ಗಂಡಂದು. ಎರಿಕ್. ತೀರ್ಕೊಂಡು ಒಂಬತ್ತು ವರ್ಷ ಆಯ್ತು.”

“ಎಂಬತ್ತಾರಕ್ಕೆ ಯಾಕ್ ನಿಂತ್‌ಹೋಗಿದೆ?”

ನೋಡಿ, ಮೂವತ್ತೈದು ವರ್ಷ ನಮ್ಮೂರ ಸೈಕಲ್ಲಿನವರೆಲ್ಲ ಆ ಕಪಾಟಿನ ಕೆಳಗೆ ಕೂತು ಬೀನ್ಸು ತಿಂದಿದ್ದಾರೆ. ಒಬ್ಬರೂ ಕೇಳಿರಲಿಲ್ಲ. ಕೇಳಿದವನು ಈ ಕೊಕ್ಕರೆ. ಅವರ ಕಸುಬೇ ಅದು, ಹುಳುಕು ಎಲ್ಲಿದೆ ಎಂದು ಮೂಗಿಗೆ ಗೊತ್ತಾಗುತ್ತದೆ.

“ಕೊನೇ ಸಂಚಿಕೇಲಿ ಓದುಗರ ಪತ್ರ ನೋಡಿ,” ಎಂದೆ ನಾನು.

ಅಂದದ್ದು ನಾನೇ. ಬಾಯಿ ತಪ್ಪಿ ಬಂತು ಎಂದು ಸುಳ್ಳು ಹೇಳುವುದಿಲ್ಲ. ಅವನು ಓದಿದ, ಹುಬ್ಬೇರಿಸಿದ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಹೆಡ್ಲಿ ಒಳಗೆ ಬಂದಾಗ ಸಂಪುಟ ಕಪಾಟಿನಲ್ಲಿತ್ತು.

ಮುಂದಿನ ಗುರುವಾರ ಐವರೂ ಹತ್ತಕ್ಕೇ ಬಂದು ಕೂತರು. ಹೆಡ್ಲಿ ಟೈ ಕಟ್ಟಿಕೊಂಡಿದ್ದ. ಎದ್ದು ನಿಂತು ಓದಲು ಶುರು ಮಾಡಿದ. ಹ್ಯಾಗ್ ಬ್ಯಾಂಕಿನ ಸೊಬಗು, ಶರತ್ಕಾಲದ ಬಿಸಿಲು, ನನ್ನ ಪಾರ್ಕಿನ್‌ಗೂ ಒಂದು ಸಾಲು. ಸೈಕಲ್ಲಿನಲ್ಲಿ ಮೂರು ಸಲ ಹತ್ತಿ ನಕ್ಕದ್ದರ ಸುದ್ದಿಯೇ ಇಲ್ಲ. ಆಮೇಲೆ: “‘ಈ ಏರಿನ ಹಿರಿಯ ಸವಾರರೊಬ್ಬರು ಬ್ಯಾಟರಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ಅವರೇ 1986ರ ಅಕ್ಟೋಬರಿನಲ್ಲಿ ಇದೇ ಪತ್ರಿಕೆಗೆ ಬರೆದ ಪತ್ರ ಇಲ್ಲಿದೆ.’” ಹೆಡ್ಲಿ ಓದುವುದನ್ನು ನಿಲ್ಲಿಸಿದ. “ನಾನಾ? ನಾನೇನ್ ಬರ್ದಿದ್ದೆ?”

“ಓದಪ್ಪ,” ಎಂದೆ.

ಓದಿದ. ದನಿ ಇಳಿಯುತ್ತ ಹೋಯಿತು. “‘ಮಾನ್ಯರೇ, ಬೆಟ್ಟ ಹತ್ತಲು ತ್ರಾಣವಿಲ್ಲದವರು ಈಗೀಗ ಪೆಡಲಿನ ಬಳಿ ಮೂರನೆಯ ಪುಟ್ಟ ಹಲ್ಲುಚಕ್ರ ಹಾಕಿಸಿಕೊಳ್ಳುತ್ತಿದ್ದಾರೆ. ನಮ್ಮ ಕ್ಲಬ್ಬಿನಲ್ಲೂ ಒಬ್ಬರಿದ್ದಾರೆ. ಪೆಡಲಿನ ಒಂದು ಸುತ್ತಿಗೆ ಒಂಬತ್ತು ಅಡಿಯಾದರೂ ಹೋಗದ ಸೈಕಲ್ಲು ಸೈಕಲ್ಲೇ ಅಲ್ಲ, ಕಾಲಿಗೆ ಕಟ್ಟಿದ ಊರುಗೋಲು. ಇಂಥವರು ಬಸ್ಸಿನಲ್ಲಿ ಬರಲಿ. ಕ್ಲಬ್ಬಿನ ಟೀಗೆ ಬೇಡ ಅನ್ನುವುದಿಲ್ಲ, ಸವಾರಿಗೆ ಬೇಡ. ಈ ಬಗ್ಗೆ ನಮ್ಮ ಕ್ಲಬ್ಬಿನಲ್ಲಿ ನಿಯಮವೊಂದನ್ನು ಮಂಡಿಸಲಿದ್ದೇನೆ. ಇಂತಿ, ಹೆಡ್ಲಿ ಸಗ್ಡನ್.’”

ಕೆಳಗೆ ವೆದರಾಲ್ ಒಂದೇ ಸಾಲು ಸೇರಿಸಿದ್ದ: ‘ಶ್ರೀ ಸಗ್ಡನ್ ಅವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ.’

ಬೆರಿಲ್ ಸಕ್ಕರೆ ಹಾಕಿದ ಟೀಗೇ ಮತ್ತೆ ಸಕ್ಕರೆ ಹಾಕಿಕೊಂಡಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇವನು ಉಣ್ಣುವುದಲ್ಲ, ತಾನು ಬೇಯಿಸಿದ್ದನ್ನು ತಾನೇ ಗಟ್ಟಿಯಾಗಿ ಓದಿ ಎಲ್ಲರಿಗೂ ಬಡಿಸಿದ್ದ. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು.

“ಬರ್ದಿದ್ದು ಗ್ಯಾಪ್ಕಾನೇ ಇರ್ಲಿಲ್ಲ ಮೇವಿಸ್,” ಎಂದ.

“ಬರೆದೋರಿಗೆ ಯಾಕಿರುತ್ತೆ? ಆ ಒಬ್ಬ ಯಾರು ಅಂತ ಗ್ಯಾಪ್ಕ ಇದ್ಯಾ?”

ಅವನು ಕಪಾಟನ್ನು ನೋಡಿದ, ನನ್ನನ್ನು ನೋಡಿದ. ಆಗ ಗೊತ್ತಾಯಿತು.

ಎರಿಕ್ ಆಶ್ವರ್ತ್ ಹದಿನೈದು ವರ್ಷ ಹತ್ತಿ ಗಿರಣಿಯಲ್ಲಿ ಹಿಂಜುವ ಯಂತ್ರದ ಮುಂದೆ ದುಡಿದವನು. ಶ್ವಾಸಕೋಶದಲ್ಲಿ ಗಾಳಿಗಿಂತ ನಾರು ಜಾಸ್ತಿ ಇತ್ತು. ಆದರೂ ಭಾನುವಾರ ಬಂದರೆ ಸೈಕಲ್ಲು ಬೇಕು. ಆ ಪುಟ್ಟ ಚಕ್ರ ಹಾಕಿಕೊಂಡ ಮೇಲೆ ಪ್ರತಿ ಸುತ್ತಿಗೆ ಹೋಗುವ ದೂರ ಕಮ್ಮಿ, ಕಾಲಿಗೆ ಭಾರವೂ ಕಮ್ಮಿ; ನಿಧಾನಕ್ಕೆ, ಕೆಮ್ಮುತ್ತ, ಎಲ್ಲರಿಗಿಂತ ಇಪ್ಪತ್ತು ನಿಮಿಷ ಹಿಂದೆ, ಹ್ಯಾಗ್ ಬ್ಯಾಂಕ್ ಹತ್ತುತ್ತಿದ್ದ. ಇಳಿದು ನಡೆದವನಲ್ಲ. ಆ ವರ್ಷದ ಪಂದ್ಯಕ್ಕೆ ಮೊದಲ ಸಲ ಹೆಸರು ಕೊಟ್ಟಿದ್ದ. ಗೆಲ್ಲಲು ಅಲ್ಲ, ಕಡೆಯವನಾಗಿ ಬರಲು. ಪತ್ರ ಅಚ್ಚಾಯಿತು, ನಿಯಮ ಪಾಸಾಯಿತು, ಅವನ ಹೆಸರು ಹೊಡೆದುಹಾಕಿದರು. ಸೈಕಲ್ಲನ್ನು ಶೆಡ್ಡಿನಲ್ಲಿ ತೂಗುಹಾಕಿ, ಎರಡು ವರ್ಷದ ಮೇಲೆ ನನ್ನೊಂದಿಗೆ ಈ ಅಂಗಡಿ ಹಾಕಿದ. ಟೀಗೆ ಮಾತ್ರ ಅಂದರಲ್ಲ, ಟೀಯನ್ನೇ ಇಟ್ಟುಕೊಂಡ.

“ನನ್ಗ್ಯಾಕ್ ಒಂದ್ ಮಾತ್ ಹೇಳ್ಲಿಲ್ಲ ಅವ್ನು?” ಎಂದ ಹೆಡ್ಲಿ. “ಇಷ್ಟು ವರ್ಷ ಅವ್ನ್ ಕೈಲಿ ಟೀ ಕುಡ್ದಿದೀನಿ.”

“ನಾನ್ ಹೇಳ್ತೀನಿ ಅಂದ್ರೆ ಬಿಡ್ತಿರ್ಲಿಲ್ಲ. ಟೀ ಕುಡಿಯೋಕ್ ಬಂದೋರ ಹತ್ರ ಜಗಳ ಆಡ್ಬಾರ್ದು ಕಣೇ ಅಂತಿದ್ದ. ಅವ್ನು ಒಳ್ಳೆಯವ್ನು ಹೆಡ್ಲಿ. ನಾನಲ್ಲ. ಆ ವೆದರಾಲ್‌ಗೆ ಸಂಪುಟ ತೋರಿಸ್ದೋಳು ನಾನೇ.”

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಹೋದ. ನನಗೆ ಹಿತವಾಗುತ್ತದೆ ಎಂದುಕೊಂಡಿದ್ದೆ, ಮೂವತ್ತೇಳು ವರ್ಷ ಕಾದದ್ದಕ್ಕೆ. ಆಗಲಿಲ್ಲ. ಅವನು ಬಿಟ್ಟುಹೋದ ಟೀ ಚೆಲ್ಲಿ ಬಟ್ಟಲು ತೊಳೆದಿಟ್ಟೆ.

ಎರಡು ದಿನ ಬಿಟ್ಟು ಬಂದ. “ಎರಿಕ್ ಸೈಕಲ್ ಇನ್ನೂ ಇದ್ಯಾ?” ಎಂದ. ಶೆಡ್ಡಿನ ಬೀಗ ತೆಗೆದುಕೊಟ್ಟೆ. ಅದನ್ನು ಇಳಿಸಿ, ಧೂಳು ಹೊಡೆದು, ಚೈನಿಗೆ ಎಣ್ಣೆ ಬಿಟ್ಟ. ಆಮೇಲೆ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಪುಟ್ಟ ಚಕ್ರಕ್ಕೆ ಚೈನ್ ಹಾಕಿ, ಪೆಡಲು ಒಂದು ಸುತ್ತು ತಿರುಗುವಷ್ಟು ಸೈಕಲ್ಲನ್ನು ಮುಂದೆ ನಡೆಸಿ, ಇನ್ನೊಂದು ಗೆರೆ ಎಳೆದ. ಟೇಪು ಹಿಡಿದು ಅಳೆದ.

“ಏಳಡಿ,” ಎಂದ. ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಒದ್ದೆಯಾಗಿತ್ತು, ಅದು ನಿಜ. ಆದರೆ ಅಳುತ್ತಲೇ ಏನೋ ಲೆಕ್ಕ ಹಾಕುತ್ತಿದ್ದ, ಅದೂ ನಿಜ. ಫಿಟ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ?

ಸಭೆ ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ, ಚರ್ಚಿನ ಹಾಲಿನಲ್ಲಿ. ಪ್ರತಿ ವರ್ಷದಂತೆ ಟೀ ಹಂಡೆ ನನ್ನದೇ. ಮೂವತ್ತೊಂದು ಜನ ಬಂದು ಸೈಕಲ್ಲುಗಳನ್ನು ಗೋಡೆಗೆ ಆನಿಸಿದ್ದರು. ಕ್ರಾಬ್‌ಟ್ರೀ ಎದ್ದು ‘ಚೈನ್‌ರಿಂಗ್’ ಬಿಡಿಸಿ, ಹೆಡ್ಲಿಯ ಪತ್ರವನ್ನು ಮೊದಲಿಂದ ಕೊನೆಯವರೆಗೆ, ಹಲ್ಲು ಕೀಳುವ ಮೊದಲು ಮಾತಾಡುತ್ತಾನಲ್ಲ, ಅದೇ ಮೃದು ದನಿಯಲ್ಲಿ ಓದಿದ. ಮುಂದಿನ ಸಾಲಿನವರು ನಕ್ಕರು.

“ಹೆಡ್ಲಿಯವ್ರ ವಿರುದ್ಧ ನಾನೇನೂ ಹೇಳ್ತಿಲ್ಲ,” ಎಂದ. “ಅವ್ರ್ ಮಾತನ್ನೇ ಹೇಳ್ತಿದೀನಿ. ಹದ್ನಾಲ್ಕನೇ ನಿಯಮ ಅವ್ರದೇ. ಅದನ್ನ ಬ್ಯಾಟರಿಗೂ ಹಾಕೋಣ.”

ಹೆಡ್ಲಿ ಎದ್ದ. “ಹಾಕು ಮಾರ್ಟಿನ್. ಆದ್ರೆ ಬೆಳೆಸೋಕ್ ಮುಂಚೆ ಇರೋದನ್ನ ಪಾಲಿಸ್ಬೇಕಲ್ಲ. ಆ ನಿಯಮ ಈಗ್ಲೂ ಜಾರೀಲಿದ್ಯಾ? ಕಾರ್ಯದರ್ಶಿಗಳು ಹೇಳ್ಲಿ.”

ಕಾರ್ಯದರ್ಶಿ ಪುಸ್ತಕ ತಿರುವಿ, ಪೆಡಲಿನ ಒಂದು ಸುತ್ತಿಗೆ ಕನಿಷ್ಠ ಒಂಬತ್ತು ಅಡಿ ಎಂದು ನಿಯಮವನ್ನು ಓದಿ, ಯಾರೂ ರದ್ದು ಮಾಡಿಲ್ಲವಾದ್ದರಿಂದ ಜಾರಿಯಲ್ಲಿದೆ ಎಂದರು.

“ಹಂಗಾದ್ರೆ ಸೈಕಲ್ ಒಳಗ್ ತನ್ನಿ. ಒಂದ್ ಸುತ್ತಿಗೆ ಎಷ್ಟು ಹೋಗುತ್ತೆ ನೋಡೋಣ. ಅಧ್ಯಕ್ಷರದ್ದೇ ಮೊದ್ಲು ಬರ್ಲಿ.”

ಬೇರೆ ದೇಶದಲ್ಲಾಗಿದ್ದರೆ ಇವನನ್ನು ಹಿಡಿದು ಕೂರಿಸುತ್ತಿದ್ದರೇನೋ. ನಮ್ಮವರು ದೇವರನ್ನು ಬಿಟ್ಟಾರು, ನಿಯಮ ಪುಸ್ತಕ ಬಿಡರು. ಜಾರಿಯಲ್ಲಿದೆ ಎಂದಮೇಲೆ ಮುಗಿಯಿತು. ಸೈಕಲ್ಲು ಒಳಗೆ ಬಂತು. ಬೆರಿಲ್ ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಹೆಡ್ಲಿ ಅತ್ಯಂತ ಸುಲಭದ ಗೇರಿಗೆ ಹಾಕಿ ಒಂದು ಸುತ್ತು ನಡೆಸಿದ. ಕ್ರಾಬ್‌ಟ್ರೀ ಸೈಕಲ್ಲಿಗೆ ಮುಂದೆ ಪುಟ್ಟ ಚಕ್ರ ಇರಲಿಲ್ಲ, ಸರಿ; ಈಗಿನ ಕಾಲದಲ್ಲಿ ಹಿಂದಿನ ಚಕ್ರಕ್ಕೇ ತಟ್ಟೆಯಗಲದ ಹಲ್ಲುಚಕ್ರ ಹಾಕುತ್ತಾರೆ. ಕಾಲಿಗೆ ಸಿಗುವ ಸುಖ ಒಂದೇ.

“ಏಳಡಿ,” ಎಂದಳು ಬೆರಿಲ್. “ಎರಿಕ್ ಆಶ್ವರ್ತ್‌ದೂ ಏಳಡಿನೇ ಇತ್ತು.”

ಇನ್ನೊಂದು ತಂದರು. ಆರೂಮುಕ್ಕಾಲು. ಇನ್ನೊಂದು, ಏಳು. ಮುಂದಿನ ಸಾಲಿನಲ್ಲಿ ನಕ್ಕವರದ್ದು ಆರೂವರೆ. ಮೂವತ್ತನ್ನೂ ಅಳೆದರು. ನಿಧಾನಕ್ಕೆ, ಸಾಲಾಗಿ ನಿಂತು, ಒಬ್ಬರೂ ತಕರಾರು ಮಾಡದೆ. ಒಂಬತ್ತು ಅಡಿ ಒಂದೂ ಮುಟ್ಟಲಿಲ್ಲ. ಬೆರಿಲ್‌ಳ ಬ್ಯಾಟರಿ ಸೈಕಲ್ಲೂ ಫೇಲಾಯಿತು. ಕಡೆಗೆ ಬಿಸ್ಕತ್ತಿನ ಡಬ್ಬಿ ಬಂತು. ಎಪ್ಪತ್ನಾಲ್ಕರ ಗೇರುಗಳೇ ಇದ್ದವು. ಮೋಟಾರು ಇದ್ದಮೇಲೆ ಸುಲಭದ್ದು ಹಾಕಿಸುವ ಗರಜೇ ಬಿದ್ದಿರಲಿಲ್ಲ.

“ಹನ್ನೆರಡೂವರೆ,” ಎಂದಳು ಬೆರಿಲ್.

ಕಾರ್ಯದರ್ಶಿ ಕೆಮ್ಮಿ, ಬರೆದುಕೊಂಡದ್ದನ್ನು ಓದಿದರು. “ನಿಯಮದ ಪ್ರಕಾರ ಟೀಗೆ ಮಾತ್ರ ಅರ್ಹರು ಮೂವತ್ತು. ಪೂರ್ಣ ಸದಸ್ಯರು ಒಬ್ಬರು. ಶ್ರೀ ಸಗ್ಡನ್.”

“ಟೀ ರೆಡಿ ಇದೆ ಮಾರ್ಟಿನ್,” ಎಂದೆ ನಾನು ಹಂಡೆಯ ಹಿಂದಿನಿಂದ. ತಡೆಯಲಾಗಲಿಲ್ಲ.

ಕ್ರಾಬ್‌ಟ್ರೀ ಮುಖ ಒಸಡಿನ ಬಣ್ಣಕ್ಕೆ ತಿರುಗಿತ್ತು. ಠರಾವು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದ. ಹೆಡ್ಲಿ ಒಪ್ಪಲಿಲ್ಲ. “ಮಂಡಿಸ್ದೋನು ನಾನು, ತೆಗ್ಯೋನೂ ನಾನೇ. ಹದ್ನಾಲ್ಕನೇ ನಿಯಮ ರದ್ದಾಗ್ಬೇಕು. ಎರಿಕ್ ಆಶ್ವರ್ತ್ ಹೆಸರು ಈ ವರ್ಷದ ಪಂದ್ಯದ ಪಟ್ಟೀಲಿ ಮೊದಲ್ನೇದಾಗಿ ಬರ್ಬೇಕು. ಒಪ್ಪೋರು ಕೈಯೆತ್ತಿ.” ಎಂದು ತಾನೊಬ್ಬನೇ ಕೈಯೆತ್ತಿದ. ಒಂದಕ್ಕೆ ಸೊನ್ನೆ ಮತಗಳಿಂದ ಪಾಸಾಯಿತು.

ಪಂದ್ಯದ ಭಾನುವಾರ ಚಳಿಯಿತ್ತು. ಅಂಗಡಿಗೆ ಬೀಗ ಹಾಕಿ ಕೆಳಗೆ ಸೇತುವೆಗೆ ಹೋದೆ. ಹೆಡ್ಲಿ ಎರಿಕ್‌ನ ಸೈಕಲ್ಲನ್ನು ಗೆರೆಯ ಮೇಲೆ ತಂದು ನಿಲ್ಲಿಸಿ, ಹಿಂದೆ ನಿಂತು, ಯಾರೋ ಕೂತಿದ್ದಾರೆ ಎನ್ನುವ ಹಾಗೆ ಎರಡೂ ಕೈಯಲ್ಲಿ ಸೀಟು ಹಿಡಿದ. ಗಡಿಯಾರದವನು ಖಾಲಿ ನಿಮಿಷ ಪೂರ್ತಿ ಎಣಿಸಿದ. ಐದು, ನಾಲ್ಕು, ಮೂರು, ಎರಡು, ಒಂದು, ಹೊರಡು. ಹೆಡ್ಲಿ ಕೈ ಬಿಡಲಿಲ್ಲ. ಎರಡನೇ ಸವಾರ ಬಂದು ಪಕ್ಕದಲ್ಲಿ ನಿಂತ ಮೇಲೆ ಸೈಕಲ್ಲನ್ನು ನನ್ನ ಕೈಗೆ ಕೊಟ್ಟ. ನಾನು ಅಳಲಿಲ್ಲ. ನನಗೆ ಅಳುವುದಕ್ಕಿಂತ ಸಿಟ್ಟೇ ಜಾಸ್ತಿ ಬಂದಿತ್ತು, ಯಾರ ಮೇಲೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ.

ಪಂದ್ಯದ ಹಿಂದಿನ ವಾರವೇ ಅವನು ಮೂವತ್ತಮೂರನೇ ಪತ್ರ ಬರೆದಿದ್ದ. ಎರಡು ಹಾಳೆ. ಎರಿಕ್‌ನ ಶ್ವಾಸಕೋಶ, ಪುಟ್ಟ ಚಕ್ರ, ತನ್ನ ಹಳೇ ಪತ್ರ, ಎಲ್ಲ ಬರೆದು ಕ್ಷಮೆ ಕೇಳಿದ್ದ. ನನಗೆ ಓದಿ ಹೇಳಿ ಅಂಚೆಗೆ ಹಾಕಿದ್ದ. ಗುರುವಾರ ಹತ್ತೂವರೆಗೆ ಪತ್ರಿಕೆ ಹಿಡಿದು ಬಂದ. ವಾರದ ಅತ್ಯುತ್ತಮ ಪತ್ರ ಎಂದು ಅಚ್ಚಾಗಿತ್ತು, ಬಹುಮಾನ ಒಂದು ಡಬ್ಬಿ ಚೈನ್ ಎಣ್ಣೆ. ಎರಡು ಹಾಳೆಯಲ್ಲಿ ಉಳಿಸಿಕೊಂಡದ್ದು ಒಂದು ಸಾಲು: ‘ನಾನು ತಪ್ಪು ಮಾಡಿದೆ, ಅದಕ್ಕಾಗಿ ನಾಚಿಕೆಪಡುತ್ತೇನೆ. ಹೆಡ್ಲಿ ಸಗ್ಡನ್.’ ಪಕ್ಕದಲ್ಲಿ ವೆದರಾಲ್ ಬಂದಾಗ ತೆಗೆದಿದ್ದ, ಅವನ ಬಿಸ್ಕತ್ತು ಡಬ್ಬಿಯ ಸೈಕಲ್ಲಿನ ಫೋಟೋ. ಮೇಲೆ ತಲೆಬರಹ: ‘ಬ್ಯಾಟರಿ ಅಜ್ಜನಿಗೆ ಜ್ಞಾನೋದಯ’.

ಹೆಡ್ಲಿ ಮುಖ ಕೆಂಪಗಾಯಿತು. “ನೋಡಿದ್ಯಾ ಈ ಕಳ್ಳನ್ಮಕ್ಕಳ ಕೆಲ್ಸ,” ಎಂದ. ಆಮೇಲೆ ಇನ್ನೊಂದು ಟೀ ಹೇಳಿ, ಪೆನ್ನು ತೆಗೆದು, ಮೂವತ್ತನಾಲ್ಕನೆಯದನ್ನು ಶುರು ಮಾಡಿದ. ಮುಂದಿನ ವರ್ಷದ ಚಂದಾ ಆಗಲೇ ಕಟ್ಟಿಯಾಗಿತ್ತು.

ನಾನು ಪತ್ರಿಕೆಯನ್ನು ನನ್ನ ಕಡೆ ಎಳೆದುಕೊಂಡು ಫಲಿತಾಂಶದ ಪುಟ ತೆಗೆದೆ. ಹ್ಯಾಗ್ ಬ್ಯಾಂಕ್, ಸಣ್ಣಕ್ಷರದಲ್ಲಿ. ಬಾರದವರ ಹೆಸರು ಕಡೆಯಲ್ಲಿತ್ತು. ‘ಇ. ಆಶ್ವರ್ತ್, ಹೊರಡಲಿಲ್ಲ.’ ಅವನ ಹೆಸರು ಆ ಪತ್ರಿಕೆಯಲ್ಲಿ ಬಂದದ್ದು ಅದೇ ಮೊದಲು. ಹೆಡ್ಲಿಯ ಕೈಯಿಂದ ಪೆನ್ನು ಕಿತ್ತುಕೊಂಡು, ‘ಹೊರಡಲಿಲ್ಲ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಹೊರಟಿದ್ದ, ಇವರು ತಡೆದರು’ ಎಂದು ಬರೆದು, ಆ ಸಂಚಿಕೆಯನ್ನು ಎಂಬತ್ತಾರರ ಪಕ್ಕದಲ್ಲಿ ಇಟ್ಟೆ.